ಸೂಸಿಯ ತಾಯಿ ಎಣಿಸಿದ ಮಕ್ಕಳು

ರೈಲಿನ ಎದುರು ಸೀಟಿನಲ್ಲಿ ಒಬ್ಬ ತಾಯಿ, ಅವಳ ಮಡಿಲಲ್ಲಿ ಒಂದು ಮಗು. ಕಿಟಕಿಯಾಚೆ ಮೇಯುತ್ತಿದ್ದ ದನ-ಕುರಿಗಳನ್ನು ಮಗು ಬೆರಳು ಮಾಡಿ ತೋರಿಸುತ್ತಿತ್ತು. ತೋರಿಸಿ, ಅಮ್ಮನೂ ನೋಡಿದಳೇ ಎಂದು ಅವಳ ಮುಖಕ್ಕೆ ತಿರುಗುತ್ತಿತ್ತು. ಅದನ್ನು ಕಂಡ ಲೋರ್ನಾ ವಿಂಗ್ ಅವರ ಎದೆ ಧಸಕ್ಕೆಂದಿತು. ಹೆಚ್ಚುಕಡಿಮೆ ಅದೇ ವಯಸ್ಸಿನ ಅವರ ಮಗಳು ಸೂಸಿ ಒಮ್ಮೆಯೂ ಹಾಗೆ ಮಾಡಿರಲಿಲ್ಲ.

ಸೂಸಿ ಹುಟ್ಟಿದ್ದು 1956ರಲ್ಲಿ. ಅಪ್ಪ ಜಾನ್, ಅಮ್ಮ ಲೋರ್ನಾ ಇಬ್ಬರೂ ಲಂಡನ್ನಿನಲ್ಲಿ ಓದಿದ ವೈದ್ಯರು, ಮನೋವೈದ್ಯರು. ಆದರೂ ಮಗಳಿಗೆ ಏನಾಗಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಮಕ್ಕಳ ಮನೋವೈದ್ಯೆ ಮಿಲ್ಡ್ರೆಡ್ ಕ್ರೀಕ್ ಅವರ ಉಪನ್ಯಾಸ ಕೇಳಿ ಮನೆಗೆ ಬಂದ ಮೇಲೆಯೇ ಜಾನ್ ಅವರಿಗೆ ಹೊಳೆದದ್ದು: ಇದು ಆಟಿಸಂ.

ಹೆಸರು ಸಿಕ್ಕಿತು, ಅದರ ಬೆನ್ನಿಗೇ ಅಪವಾದವೂ ಬಂತು. ಅಮೆರಿಕದಲ್ಲಿ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಕೊಟ್ಟು ಆಟಿಸಂ ಅನ್ನು ಪರಿಚಯಿಸಿದ್ದರು. ಮುಂದಿನ ಎರಡು ದಶಕ ಅನೇಕ ಮನೋವೈದ್ಯರು ಇದಕ್ಕೆ ತಂದೆತಾಯಿಯ, ಅದರಲ್ಲೂ ತಾಯಿಯ, ಮಮತೆಯಿಲ್ಲದ ಮನಸ್ಸೇ ಕಾರಣವೆಂದು ನಂಬಿದ್ದರು. ‘ಫ್ರಿಜ್ ತಾಯಿ’ ಎಂಬ ಮೂದಲಿಕೆ ಹುಟ್ಟಿದ್ದು ಆಗಲೇ. ಲೋರ್ನಾ ಇದನ್ನು ಒಪ್ಪಲಿಲ್ಲ. ಮಗುವಿನ ಮಿದುಳು ಬೆಳೆಯುವ ರೀತಿಯಲ್ಲೇ ವ್ಯತ್ಯಾಸವಿದೆ, ಸಾಕುವ ರೀತಿಯಲ್ಲಲ್ಲ ಎಂಬುದು ಅವರ ನಿಲುವು. 1962ರಲ್ಲಿ ಇತರ ಪೋಷಕರೊಂದಿಗೆ ಸೇರಿ ಬ್ರಿಟನ್ನಿನಲ್ಲಿ ಆಟಿಸಂ ಮಕ್ಕಳಿಗಾಗಿ ಸಂಘ ಕಟ್ಟಿದರು. ಇಂದಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಅದೇ.

ಅವರ ಅತಿ ದೊಡ್ಡ ಕೆಲಸ ಮಾತ್ರ ಎಣಿಕೆಯದು. ಅದುವರೆಗಿನ ಸಂಶೋಧಕರು ಕ್ಯಾನರ್ ಹೇಳಿದ ಲಕ್ಷಣಗಳನ್ನು ಮುಂದಿಟ್ಟುಕೊಂಡು, ಅವಕ್ಕೆ ಹೊಂದುವ ಮಕ್ಕಳನ್ನು ಹುಡುಕುತ್ತಿದ್ದರು. 1970ರ ದಶಕದಲ್ಲಿ ಲೋರ್ನಾ ಮತ್ತು ಮನಶ್ಶಾಸ್ತ್ರಜ್ಞೆ ಜೂಡಿತ್ ಗೌಲ್ಡ್ ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ತಿರುವುಮುರುವು ಹಾದಿ ಹಿಡಿದರು. ಅಲ್ಲಿ 15 ವರ್ಷದೊಳಗಿನ ಸುಮಾರು 35,000 ಮಕ್ಕಳಿದ್ದರು. ಅವರಲ್ಲಿ ವಿಶೇಷ ನೆರವು ಬೇಕಾದವರೆಂದು ಶಾಲೆ, ಆಸ್ಪತ್ರೆ, ಸಮಾಜಸೇವಾ ಕಚೇರಿಗಳ ದಾಖಲೆಯಲ್ಲಿದ್ದವರನ್ನು ಮೊದಲು ನೋಡಿದರು. ಹಣೆಪಟ್ಟಿಯ ಮಾತು ಆಮೇಲೆ.

1979ರಲ್ಲಿ ಫಲಿತಾಂಶ ಪ್ರಕಟವಾಯಿತು. ಕ್ಯಾನರ್ ವರ್ಣನೆಗೆ ಸರಿಯಾಗಿ ಹೊಂದಿದವರು 10,000ಕ್ಕೆ ಐದು ಮಕ್ಕಳಷ್ಟೆ. ಆದರೆ ಬೆರೆಯುವುದು, ಮಾತು-ಸನ್ನೆಗಳಲ್ಲಿ ಸಂವಹಿಸುವುದು, ಕಲ್ಪಿಸಿಕೊಂಡು ಆಡುವುದು — ಈ ಮೂರರಲ್ಲೂ ತೊಡಕಿದ್ದವರು 10,000ಕ್ಕೆ 21. ಕೆಲವರು ದೂರ ಉಳಿಯುತ್ತಿದ್ದರು. ಕೆಲವರು ಕರೆದರೆ ಬರುತ್ತಿದ್ದರು, ತಾವಾಗಿ ಬರುತ್ತಿರಲಿಲ್ಲ. ಇನ್ನು ಕೆಲವರು ತಾವೇ ಮೈಮೇಲೆ ಬಿದ್ದು ಮಾತಾಡುತ್ತಿದ್ದರು, ಎದುರಿನವರ ಮನಸ್ಸು ತಿಳಿಯುತ್ತಿರಲಿಲ್ಲ. ನೆರವು ಎಲ್ಲರಿಗೂ ಬೇಕಿತ್ತು. ಐದು ಮಕ್ಕಳ ಲೆಕ್ಕದಲ್ಲಿ ಕಟ್ಟಿದ ಶಾಲೆಯಲ್ಲಿ ಉಳಿದ 16 ಮಕ್ಕಳಿಗೆ ಜಾಗವೆಲ್ಲಿ?

1981ರಲ್ಲಿ ಲೋರ್ನಾ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದಿದ್ದ ಪ್ರಬಂಧವನ್ನು ಇಂಗ್ಲಿಷ್ ಓದುಗರ ಗಮನಕ್ಕೆ ತಂದರು. ಚೆನ್ನಾಗಿ ಮಾತಾಡುವ, ಬುದ್ಧಿವಂತರಾದ, ಆದರೂ ಒಂಟಿಯಾದ ಜನರಿಗೆ ಅದರಿಂದ ಒಂದು ಗುರುತು ಸಿಕ್ಕಿತು. ಆಸ್ಪರ್ಗರ್ ನಾಜಿ ವ್ಯವಸ್ಥೆಯೊಂದಿಗೆ ಸಹಕರಿಸಿದ್ದು ವಿವರವಾಗಿ ಬಯಲಾದದ್ದು 2018ರಲ್ಲಿ, ಲೋರ್ನಾ ತೀರಿಕೊಂಡ ನಾಲ್ಕು ವರ್ಷದ ಬಳಿಕ. ಲೋರ್ನಾ ಅವರಿಗಂತೂ ಬೇರೆ ಬೇರೆ ಹೆಸರಿನ ಪೆಟ್ಟಿಗೆಗಳು ಬೇಕಿರಲಿಲ್ಲ. ಒಂದು ಬಣ್ಣ ಇನ್ನೊಂದರಲ್ಲಿ ಕರಗುವ ವರ್ಣಪಟಲದಂತೆ, ಆಟಿಸಂ ಕೂಡ ಗೆರೆ ಎಳೆಯಲಾಗದ ‘ಸ್ಪೆಕ್ಟ್ರಂ’ ಎಂದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆಸ್ಪರ್ಗರ್ ಹೆಸರನ್ನು ಕೈಬಿಟ್ಟು ಎಲ್ಲವನ್ನೂ ಸ್ಪೆಕ್ಟ್ರಂನೊಳಗೆ ಸೇರಿಸಿತು.

ಆ ಪದ ನಮ್ಮಲ್ಲಿಗೂ ಬಂದಿದೆ. ಭಾರತದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ‘ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್’ ಸೇರಿದೆ. ಇಂದು ಪುಣೆಯಲ್ಲೋ ದೆಹಲಿಯಲ್ಲೋ ಪ್ರಮಾಣಪತ್ರಕ್ಕಾಗಿ ಸಾಲಿನಲ್ಲಿ ನಿಂತ ತಾಯಿಯ ಅರ್ಜಿಯಲ್ಲಿರುವುದು ಅದೇ ಪದ. ‘ನೀನೇ ಸರಿಯಾಗಿ ಬೆಳೆಸಲಿಲ್ಲ’ ಎಂಬ ಮಾತು ಅವಳ ಕಿವಿಗೆ ಈಗಲೂ ಬೀಳುತ್ತದೆ. ಆದರೆ ವಿಜ್ಞಾನ ಆ ಮಾತಿನ ಪರ ನಿಂತಿಲ್ಲ.

ಸೂಸಿ 2005ರಲ್ಲಿ ತೀರಿಕೊಂಡರು. ಲೋರ್ನಾ 2014ರಲ್ಲಿ, ತಮ್ಮ 85ನೇ ವಯಸ್ಸಿನಲ್ಲಿ. ಮಗಳು ಬೆರಳು ಮಾಡಿ ತೋರಿಸದೆ ಹೋದದ್ದನ್ನೇ ತಾಯಿ ಬದುಕಿನುದ್ದಕ್ಕೂ ಲೋಕಕ್ಕೆ ತೋರಿಸಿದರು.