ಎಳನೀರು ಮತ್ತು ಜೀವಕೋಶದ ಗುಟ್ಟು: ಒಂದು ಸಂಶೋಧನೆಯ ಇತಿಹಾಸ

ದಬ್ಬೇಘಟ್ಟದಿಂದ ತುರುವೇಕೆರೆಗೆ ಹೊರಡಿ, ತಿಪಟೂರಿಗೆ ಹೊರಡಿ, ಕಣ್ಣಿಗೆ ಬೀಳುವುದು ತೆಂಗಿನ ತೋಟಗಳೇ. ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲೇ ಎಳನೀರಿನ ರುಚಿ ಕಂಡಿರುತ್ತಾರೆ. ಆದರೆ ಇದೇ ಎಳನೀರು ಒಂದು ಕಾಲದಲ್ಲಿ ಅಮೆರಿಕದ ಪ್ರಯೋಗಶಾಲೆಗಳಲ್ಲಿ ದೊಡ್ಡ ಪ್ರಶ್ನೆಯೊಂದನ್ನು ಎಬ್ಬಿಸಿತ್ತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಜೀವಕೋಶ ಎರಡಾಗು ಎಂದು ಹೇಳುವವರು ಯಾರು? ಆ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ವಿದ್ಯಾರ್ಥಿಗಳಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ಬರೆದಿದ್ದೇನೆ.

ತೀರಾ ಎಳೆಯ ಕಾಯಿಯನ್ನು ಕೆತ್ತಿದರೆ ಒಳಗೆ ಬರೀ ನೀರು. ಆ ನೀರಿನಲ್ಲಿ ಕೋಶಕೇಂದ್ರಗಳು ನಡುವೆ ಗೋಡೆಯಿಲ್ಲದೆ ತೇಲುತ್ತ ಹೆಚ್ಚುತ್ತಿರುತ್ತವೆ. ಮುಂದೆ ಚಿಪ್ಪಿನ ಒಳಮೈಯಲ್ಲಿ ಗೋಡೆ ಕಟ್ಟಿಕೊಂಡು ಗಂಜಿಯಾಗುತ್ತವೆ, ಗಂಜಿ ಬಲಿತು ಕಾಯಿಯಾಗುತ್ತದೆ. ಹೀಗೆ ಬೆಳವಣಿಗೆಗೆ ಬೇಕಾದುದೆಲ್ಲ ಆ ನೀರಿನಲ್ಲೇ ಇರುತ್ತದೆ.

1941ರಲ್ಲಿ ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ದತ್ತೂರಿ ಗಿಡದ ಅತಿ ಸಣ್ಣ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಯತ್ನಿಸಿದರು. ತೆಂಗಿನಕಾಯಿಯ ನೀರು ಬೆರೆಸಿದಾಗ ಮಾತ್ರ ಅವು ಬೆಳೆದವು. 1948ರಲ್ಲಿ ಕ್ಯಾಪ್ಲಿನ್ ಮತ್ತು ಸ್ಟೀವರ್ಡ್ ಗಜ್ಜರಿಯ ತುಣುಕುಗಳಿಗೆ ಅದೇ ನೀರು ಹಾಕಿದರು. ಸುಮ್ಮನಿದ್ದ ಜೀವಕೋಶಗಳು ಮತ್ತೆ ವಿಭಜನೆ ಆರಂಭಿಸಿದವು. ಹಾಗಾದರೆ ಆ ನೀರಿನಲ್ಲಿ ಏನಿದೆ? 1955ರಲ್ಲಿ ಮಿಲ್ಲರ್ ಮತ್ತು ಸ್ಕೂಗ್ ಅವರ ತಂಡ ಕೈನೆಟಿನ್ ಎಂಬ ವಸ್ತುವನ್ನು ಕಂಡುಹಿಡಿಯಿತು. ಅದು ದೊರೆತದ್ದು ಎಳನೀರಿನಲ್ಲಲ್ಲ, ಮೀನಿನ ವೀರ್ಯಾಣುಗಳಿಂದ ತೆಗೆದಿಟ್ಟಿದ್ದ ಹಳೆಯ ಡಿಎನ್‌ಎಯಲ್ಲಿ. ಆದರೆ ಅದೇ ಗುಂಪಿನ ಹಾರ್ಮೋನುಗಳು ತೆಂಗಿನ ನೀರಿನಲ್ಲೂ ಇವೆಯೆಂದು 1974ರಲ್ಲಿ ಲೆಥಮ್ ಎಂಬ ವಿಜ್ಞಾನಿ ತೋರಿಸಿದರು. ಈ ಗುಂಪಿಗೆ ಸೈಟೋಕೈನಿನ್ ಎಂದು ಹೆಸರು.

ಹಾರ್ಮೋನು ಸಿಕ್ಕಿತು. ಆದರೆ ಅದರ ಮಾತನ್ನು ಕೇಳಿ ಕೆಲಸ ಮಾಡುವ ಯಂತ್ರ ಕೋಶದೊಳಗೆ ಯಾವುದು ಎಂಬುದು ತಿಳಿದಿರಲಿಲ್ಲ. ಆ ಕಥೆ ಬೇರೆ ದಾರಿಯಲ್ಲಿ ಸಾಗುತ್ತಿತ್ತು.

ಅದೇ 1955ರಲ್ಲಿ ಸಿಯಾಟಲ್ ನಗರದಲ್ಲಿ ಫಿಷರ್ ಮತ್ತು ಕ್ರೆಬ್ಸ್ ಸ್ನಾಯುವಿನ ಒಂದು ಕಿಣ್ವವನ್ನು ಪರೀಕ್ಷಿಸುತ್ತಿದ್ದರು. ಆ ಪ್ರೋಟೀನಿಗೆ ಒಂದು ಪುಟ್ಟ ಫಾಸ್ಫೇಟ್ ಅಂಟಿದರೆ ಕಿಣ್ವ ಚುರುಕಾಗುತ್ತಿತ್ತು, ಕಳಚಿದರೆ ಸುಮ್ಮನಾಗುತ್ತಿತ್ತು. ನಮ್ಮ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ನೆನಪಿಸಿಕೊಳ್ಳಿ. ಹಸಿರು ಗುಂಡಿ ಒತ್ತಿದರೆ ಮೋಟಾರು ಓಡುತ್ತದೆ, ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ಫಾಸ್ಫೇಟ್ ಅಂಟಿಸುವ ಕಿಣ್ವಕ್ಕೆ ಕೈನೇಸ್ ಎಂದೂ ಕಳಚುವುದಕ್ಕೆ ಫಾಸ್ಫಟೇಸ್ ಎಂದೂ ಹೆಸರು. ಎಲ್ಲ ಪ್ರೋಟೀನುಗಳಲ್ಲೂ ಅಂಟಿದರೆ ಚಾಲೂ ಎಂದಲ್ಲ, ಕೆಲವು ಕಡೆ ಅಂಟಿದರೇ ಬಂದ್. ಇಬ್ಬರಿಗೂ 1992ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕೋಶ ವಿಭಜನೆಗೂ ಇಂಥದೇ ಗುಂಡಿಯಿದೆ ಎಂದು ತೋರಿಸಿದ್ದು ಕಿಣ್ವ, ಕಪ್ಪೆ ಮೊಟ್ಟೆಗಳಲ್ಲ ಮಾತ್ರ, ಹಲವು ಜೀವಿಗಳು. 1970ರ ಸುಮಾರಿಗೆ ಹಾರ್ಟ್‌ವೆಲ್ ರೊಟ್ಟಿ ಉಬ್ಬಿಸುವ ಯೀಸ್ಟ್‌ನಲ್ಲಿ ವಿಭಜನೆ ಕೆಟ್ಟುನಿಂತ ತಳಿಗಳನ್ನು ಆರಿಸಿದರು. 1971ರಲ್ಲಿ ಮಸೂಯಿ ಮತ್ತು ಮಾರ್ಕರ್ಟ್ ಕಪ್ಪೆಯ ಮೊಟ್ಟೆಗಳಲ್ಲಿ ಈ ಕೆಲಸಕ್ಕೆ ಚಾಲನೆ ಕೊಡುವ ಒಂದು ಅಂಶವಿದೆಯೆಂದು ತೋರಿಸಿದರು. ಎಡಿನ್‌ಬರೋದಲ್ಲಿ ಪಾಲ್ ನರ್ಸ್ ಇನ್ನೊಂದು ಬಗೆಯ ಯೀಸ್ಟ್‌ನಲ್ಲಿ, ಬೆಳೆಯುವ ಮುನ್ನವೇ ಅವಸರದಿಂದ ವಿಭಜಿಸುವ ಕುಳ್ಳ ಕೋಶಗಳನ್ನು ಹುಡುಕುತ್ತಿದ್ದರು. ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು. ಬೇಸತ್ತು ಅದನ್ನು ಕಸದ ಬುಟ್ಟಿಗೆ ಎಸೆದು ಮನೆಗೆ ಹೋದರು. ಆದರೆ ಮನಸ್ಸು ಕೇಳಲಿಲ್ಲ. ಅದೇ ಸಂಜೆ ಮರಳಿ ಬಂದು ಹೆಕ್ಕಿ ತೆಗೆದರು. ಎಲ್ಲಕ್ಕಿಂತ ಮುಖ್ಯವಾದ ಸಿಡಿಸಿ2 ಎಂಬ ಜೀನಿನ ಸುಳಿವು ಸಿಕ್ಕಿದ್ದು ಆ ತಟ್ಟೆಯಲ್ಲೇ.

ಸಿಡಿಸಿ2 ತಯಾರಿಸುವುದು ಒಂದು ಕೈನೇಸ್. 1982ರಲ್ಲಿ ಟಿಮ್ ಹಂಟ್ ಕಡಲ ಜೀವಿಯೊಂದರ ಮೊಟ್ಟೆಗಳಲ್ಲಿ, ಪ್ರತಿ ವಿಭಜನೆಗೂ ಮೊದಲು ಹೆಚ್ಚಿ ವಿಭಜನೆಯ ಹೊತ್ತಿಗೆ ಕಾಣೆಯಾಗುವ ಪ್ರೋಟೀನನ್ನು ಕಂಡು ಸೈಕ್ಲಿನ್ ಎಂದು ಕರೆದರು. ಸೈಕ್ಲಿನ್ ಜೊತೆಗೂಡದೆ ಈ ಕೈನೇಸ್ ಕೆಲಸ ಮಾಡದು. ಜೊತೆಗೂಡಿದರೂ ವೀ1 ಎಂಬ ಇನ್ನೊಂದು ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸಿ ತಡೆಹಿಡಿದಿರುತ್ತದೆ. ಕೋಶ ಸಿದ್ಧವಾದಾಗ ಸಿಡಿಸಿ25 ಆ ಫಾಸ್ಫೇಟನ್ನು ಕಳಚುತ್ತದೆ. ಆಗ ಕೈನೇಸ್ ಎಚ್ಚೆತ್ತು ತಾನೇ ನೂರಾರು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ವರ್ಣತಂತುಗಳು ಸುರುಳಿಗೊಳ್ಳುತ್ತವೆ, ಕೋಶಕೇಂದ್ರದ ಪೊರೆ ಕರಗುತ್ತದೆ, ಕೋಶ ಇಬ್ಭಾಗವಾಗುತ್ತದೆ. 1987ರಲ್ಲಿ ಮನುಷ್ಯನ ಇದೇ ಜೀನ್ ಯೀಸ್ಟ್‌ನೊಳಗೂ ಕೆಲಸ ಮಾಡಿತು. ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರಿಗೂ 2001ರಲ್ಲಿ ನೊಬೆಲ್ ಸಂದಿತು.

ಇನ್ನು ಎಳನೀರಿನ ಪ್ರಶ್ನೆಗೆ ಮರಳೋಣ. 1996ರಲ್ಲಿ ಅದೇ ಲೆಥಮ್ ಆಸ್ಟ್ರೇಲಿಯದ ಸಂಗಡಿಗರೊಂದಿಗೆ ತಂಬಾಕು ಜಾತಿಯ ಗಿಡದ ಕೋಶಗಳನ್ನು ಪರೀಕ್ಷಿಸಿದರು. ಸೈಟೋಕೈನಿನ್ ಇಲ್ಲದಿದ್ದಾಗ ಕೋಶಗಳು ವಿಭಜನೆಯ ಹೊಸ್ತಿಲಲ್ಲೇ ನಿಂತವು. ಅವುಗಳ ಕೈನೇಸ್ ಮೇಲೆ ತಡೆಯುವ ಫಾಸ್ಫೇಟ್ ಹಾಗೇ ಇತ್ತು. ಹಾರ್ಮೋನು ಕೊಟ್ಟೊಡನೆ ಫಾಸ್ಫೇಟ್ ಕಳಚಿತು, ವಿಭಜನೆ ನಡೆಯಿತು. ಬೇರೆ ಬೇರೆಯಾಗಿ ಹರಿದ ಎರಡು ಹೊಳೆಗಳು ಹೀಗೆ ಒಂದಾದವು.

ಇದೆಲ್ಲ ಬರೀ ಪುಸ್ತಕದ ವಿದ್ಯೆಯಲ್ಲ. ಈ ಗುಂಡಿಗಳು ಹತೋಟಿ ತಪ್ಪಿ ಕೋಶಗಳು ಬೆಳೆಯುತ್ತಲೇ ಹೋದರೆ ಅದೇ ಕ್ಯಾನ್ಸರ್. ನಮ್ಮ ಊರುಗಳಲ್ಲಿ ಆ ಕಾಯಿಲೆಯ ನೋವು ಕಾಣದ ಮನೆತನ ವಿರಳ. ವಿಭಜನೆಗೆ ದಾರಿ ಬಿಡುವ ಎರಡು ಕೈನೇಸ್‌ಗಳನ್ನು ತಡೆಯುವ ಪಾಲ್ಬೊಸಿಕ್ಲಿಬ್ ಎಂಬ ಔಷಧಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸ್ತನ ಕ್ಯಾನ್ಸರಿನ ಒಂದು ಬಗೆಗೆ ಅದನ್ನು ಕೊಡುತ್ತಾರೆ. ಯೀಸ್ಟ್ ಮತ್ತು ಕಡಲ ಜೀವಿಯ ಮೊಟ್ಟೆಗಳನ್ನು ನೋಡುತ್ತ ಕುಳಿತವರ ಶ್ರಮ ರೋಗಿಯ ಹಾಸಿಗೆಯವರೆಗೆ ಬಂದದ್ದು ಹೀಗೆ. ಆದರೆ ಎಳನೀರು ಕುಡಿದರೆ ಕ್ಯಾನ್ಸರ್ ಬರುತ್ತದೆಂದಾಗಲಿ ವಾಸಿಯಾಗುತ್ತದೆಂದಾಗಲಿ ಯಾರೂ ತಿಳಿಯಬಾರದು. ಗಾಜಿನ ಪಾತ್ರೆಯಲ್ಲಿನ ಗಿಡದ ಕೋಶ ಬೇರೆ, ನಮ್ಮ ದೇಹ ಬೇರೆ.

ಪ್ರಿಯ ವಿದ್ಯಾರ್ಥಿಗಳೇ, ಎಳನೀರು ನಮ್ಮಲ್ಲಿ ತಲೆಮಾರುಗಳಿಂದ ಇತ್ತು. ಅದರೊಳಗೆ ಏನಿದೆ ಎಂದು ಕೇಳಿದವರು ಮಾತ್ರ ದೂರದ ದೇಶದವರು. ನಮ್ಮ ಹಿತ್ತಲಲ್ಲಿ ಕೇಳದೆ ಉಳಿದ ಪ್ರಶ್ನೆಗಳು ಇನ್ನೂ ಎಷ್ಟಿವೆಯೋ. ಅವುಗಳನ್ನು ಕೇಳುವ ಮಕ್ಕಳು ನಮ್ಮ ಶಾಲೆಗಳಿಂದಲೂ ಬರಲಿ. ಬೂಷ್ಟು ಹಿಡಿದ ತಟ್ಟೆಯನ್ನು ಎಸೆದವರು ಬಹಳ ಮಂದಿ ಇದ್ದಾರು, ಮರಳಿ ಹೋಗಿ ಹೆಕ್ಕುವ ತಾಳ್ಮೆಯನ್ನು ನೀವು ಬೆಳೆಸಿಕೊಳ್ಳಿ.