ಜೀರ್ಣಾಂಗ ಕ್ಯಾನ್ಸರ್: ಗೆಡ್ಡೆಯ ಅಂಗಾಂಶ ರಚನೆ ಮತ್ತು ಇಮ್ಯುನೊಥೆರಪಿ

ಪೀಠಿಕೆ

ಶರೀರದ ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ಸಕ್ರಿಯಗೊಳಿಸುವ ಚಿಕಿತ್ಸೆಗೆ ಇಮ್ಯುನೊಥೆರಪಿ ಎಂದು ಹೆಸರು. ಇದಕ್ಕೆ ತಳಹದಿಯಾದ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು. ದುಬಾರಿಯಾದ ಈ ಔಷಧಗಳು ಎಲ್ಲ ರೋಗಿಗಳಿಗೂ ಸಮಾನವಾಗಿ ಫಲ ನೀಡುವುದಿಲ್ಲ. ಆದುದರಿಂದ ಚಿಕಿತ್ಸೆಗೆ ಮುನ್ನ ಗೆಡ್ಡೆಯ ಅಂಗಾಂಶದ ಪರೀಕ್ಷೆ ಮುಖ್ಯವಾಗಿರುತ್ತದೆ.

ಅಂಗಾಂಶ ರಚನೆಯ ವಿಧಗಳು

1. ರೋಗನಿರೋಧಕ ಟಿ-ಕೋಶಗಳು ಗೆಡ್ಡೆಯ ಒಳಭಾಗವನ್ನು ಪ್ರವೇಶಿಸಿರುವುದು: ಚಿಕಿತ್ಸೆ ಫಲಿಸುವ ಸಾಧ್ಯತೆ ಹೆಚ್ಚು.
2. ಟಿ-ಕೋಶಗಳು ಗೆಡ್ಡೆಯ ಸುತ್ತಲಿನ ನಾರು ಅಂಗಾಂಶದಲ್ಲಿಯೇ ತಡೆಯಲ್ಪಟ್ಟಿರುವುದು: ಸಾಧ್ಯತೆ ಕಡಿಮೆ.
3. ಟಿ-ಕೋಶಗಳು ಬಹುತೇಕ ಇಲ್ಲದಿರುವುದು: ಸಾಧ್ಯತೆ ಕಡಿಮೆ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ದಟ್ಟವಾದ ನಾರು ಅಂಗಾಂಶವಿರುವುದು ಈ ಚಿಕಿತ್ಸೆ ಸಾಮಾನ್ಯವಾಗಿ ಫಲಿಸದಿರಲು ಒಂದು ಕಾರಣವಾಗಿದೆ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಈ ಕೋಶಗಳ ವಿಧ, ಸಾಂದ್ರತೆ ಹಾಗೂ ಸ್ಥಾನಗಳು ರೋಗದ ಮುಂದಿನ ಗತಿಯನ್ನು ಸೂಚಿಸುತ್ತವೆ ಎಂಬುದನ್ನು ಫ್ರಾನ್ಸಿನ ಜೆರೋಮ್ ಗ್ಯಾಲನ್ ಮತ್ತು ಸಹಸಂಶೋಧಕರು 2006ರಲ್ಲಿ ತೋರಿಸಿದರು.

ಎಂಎಂಆರ್ ಪರೀಕ್ಷೆ

ಕೋಶ ವಿಭಜನೆಯ ವೇಳೆ ಡಿಎನ್ಎಯಲ್ಲಿ ಉಂಟಾಗುವ ದೋಷಗಳನ್ನು ಎಂಎಂಆರ್ ಎಂಬ ವ್ಯವಸ್ಥೆಯು ಸರಿಪಡಿಸುತ್ತದೆ. ಅದು ಕೆಟ್ಟಿರುವ ಗೆಡ್ಡೆಗಳಲ್ಲಿ ದೋಷಗಳು ಸಂಚಯಗೊಂಡು, ಟಿ-ಕೋಶಗಳು ಗೆಡ್ಡೆಯನ್ನು ಸುಲಭವಾಗಿ ಗುರುತಿಸಿ ಒಳಸೇರುತ್ತವೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 15ರಷ್ಟು ಈ ಬಗೆಯವು. ಇತರ ಅಂಗಗಳಿಗೆ ಹರಡಿದ ಹಂತದಲ್ಲಿ ಇದು ಸುಮಾರು ಶೇ. 5 ಮಾತ್ರ. ಹರಡಿದ ಹಂತದಲ್ಲಿದ್ದ ಇಂತಹ 307 ರೋಗಿಗಳ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ರೋಗ ಉಲ್ಬಣಿಸದೆ ಉಳಿದ ಮಧ್ಯಕ ಅವಧಿಯು ಪೆಂಬ್ರೊಲಿಜುಮ್ಯಾಬ್ ಪಡೆದವರಲ್ಲಿ 16.5 ತಿಂಗಳು, ಕೀಮೊಥೆರಪಿ ಪಡೆದವರಲ್ಲಿ 8.2 ತಿಂಗಳು ಆಗಿತ್ತು.

ಜಠರ ಮತ್ತು ಅನ್ನನಾಳದ ಕ್ಯಾನ್ಸರ್‌ಗಳಲ್ಲಿ ಪಿಡಿ-ಎಲ್1 ಪರೀಕ್ಷೆಯನ್ನೂ ಪರಿಗಣಿಸಲಾಗುತ್ತದೆ.

ರೋಗಿಗಳು ಮತ್ತು ಕುಟುಂಬದವರು ಗಮನಿಸಬೇಕಾದ ಅಂಶಗಳು

1. ಬಯಾಪ್ಸಿ ವರದಿಯಲ್ಲಿ ಎಂಎಂಆರ್ ಫಲಿತಾಂಶ ನಮೂದಾಗಿದೆಯೇ ಎಂದು ವೈದ್ಯರಲ್ಲಿ ವಿಚಾರಿಸುವುದು.
2. ಬೇರೆ ಆಸ್ಪತ್ರೆಗೆ ತೆರಳುವಾಗ ವರದಿಯೊಂದಿಗೆ ಮೇಣದಲ್ಲಿ ಸಂರಕ್ಷಿಸಿದ ಅಂಗಾಂಶದ ಬ್ಲಾಕ್ ಅನ್ನೂ ಕೋರಿ ಪಡೆಯುವುದು. ಅದರಲ್ಲಿ ಸಾಕಷ್ಟು ಅಂಗಾಂಶವಿದ್ದಲ್ಲಿ ಮರು ಬಯಾಪ್ಸಿ ಇಲ್ಲದೆಯೇ ಪರೀಕ್ಷೆ ಸಾಧ್ಯ.
3. ಎಂಎಂಆರ್ ದೋಷವು ಕೆಲವರಲ್ಲಿ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯಿಂದ ಬಂದಿರಬಹುದು. ಅಂತಹ ಸಂದರ್ಭದಲ್ಲಿ ಒಡಹುಟ್ಟಿದವರು ಹಾಗೂ ಮಕ್ಕಳು ಸಹ ವೈದ್ಯಕೀಯ ಸಲಹೆ ಪಡೆಯುವುದು.
4. ಚಿಕಿತ್ಸೆಯ ಅವಧಿಯಲ್ಲಿ ತೀವ್ರ ಭೇದಿ, ಉಸಿರಾಟದ ತೊಂದರೆ ಅಥವಾ ಕಾಮಾಲೆ ಕಂಡುಬಂದಲ್ಲಿ ಕೂಡಲೇ ವೈದ್ಯರಿಗೆ ತಿಳಿಸುವುದು.

ಸೂಚನೆ: ಈ ಮಾಹಿತಿಯು ತಜ್ಞ ವೈದ್ಯರ ಸಲಹೆಗೆ ಪರ್ಯಾಯವಲ್ಲ.