ತಜ್ಞ ಪರಿಶೀಲಕರ ಋಣ: ಅನಾಮಧೇಯತೆ ಮತ್ತು ಕೃತಜ್ಞತೆಯ ಚರಿತ್ರೆ

ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಗುವ ಲೇಖನದ ಹಿಂದೆ ಲೇಖಕರಲ್ಲದ ಇಬ್ಬರು ಮೂವರ ಶ್ರಮ ಇರುತ್ತದೆ. ಹಸ್ತಪ್ರತಿ ಓದಿ, ಲೆಕ್ಕ ತಾಳೆ ನೋಡಿ, ಆಧಾರಗಳನ್ನು ಒರೆಗೆ ಹಚ್ಚಿ, ತಿದ್ದುಪಡಿ ಸೂಚಿಸುವ ಈ ಪರಿಶೀಲಕರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ. ಅವರ ಹೆಸರೂ ಹೊರಬೀಳುವುದಿಲ್ಲ. ಅನಾಮಧೇಯತೆಯೇ ತಜ್ಞ ಪರಿಶೀಲನೆಯ ಜೀವಾಳ, ಆದ್ದರಿಂದ ಪರಿಶೀಲಕರನ್ನು ಬಹಿರಂಗವಾಗಿ ನೆನೆಯುವುದು ಈ ಪದ್ಧತಿಗೆ ಒಗ್ಗದು ಎಂಬ ನಂಬಿಕೆ ಉನ್ನತ ಶಿಕ್ಷಣ ವಲಯದಲ್ಲಿ ಬೇರೂರಿದೆ. ಚರಿತ್ರೆ ಈ ನಂಬಿಕೆಯನ್ನು ಎತ್ತಿಹಿಡಿಯುವುದಿಲ್ಲ. ಯಾವ ಲೇಖನಕ್ಕೆ ಯಾರು ತೀರ್ಪು ಕೊಟ್ಟರು ಎಂಬುದು ಗುಟ್ಟಾಗಿರಬಹುದು. ತೀರ್ಪು ಕೊಡುವ ದುಡಿಮೆ ಗುಟ್ಟಾಗಿ ಉಳಿಯಬೇಕಿಲ್ಲ.

ಲಂಡನ್ನಿನ ರಾಯಲ್ ಸೊಸೈಟಿಯ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ 1665ರಲ್ಲಿ ಹೊರಬಂದಾಗ ಆಯ್ಕೆಯೆಲ್ಲ ಸಂಪಾದಕ ಹೆನ್ರಿ ಓಲ್ಡನ್‌ಬರ್ಗ್ ವಿವೇಚನೆಗೆ ಬಿಟ್ಟದ್ದಾಗಿತ್ತು. 1752ರಲ್ಲಿ ಸೊಸೈಟಿ ಪತ್ರಿಕೆಯ ಹೊಣೆ ಹೊತ್ತು, ಆಯ್ಕೆಯನ್ನು ಗುಪ್ತ ಮತದಾನದ ಸಮಿತಿಗೆ ಒಪ್ಪಿಸಿತು. ತಜ್ಞರಿಂದ ಲಿಖಿತ ವರದಿ ತರಿಸುವ ಸಲಹೆ 1831ರಲ್ಲಿ ವಿಲಿಯಂ ಹ್ಯೂಯೆಲ್ ಅವರಿಂದ ಬಂತು. ಆ ವರದಿಗಳನ್ನು ಅಚ್ಚುಹಾಕಿ, ಹೊಸ ಸಂಶೋಧನೆಯ ಮಹತ್ವವನ್ನು ಓದುಗರಿಗೆ ಮನಗಾಣಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಭೂಮಿ ಮತ್ತು ಶುಕ್ರಗ್ರಹಗಳ ಚಲನೆಯನ್ನು ಕುರಿತ ಜಾರ್ಜ್ ಏರಿಯ ಪ್ರಬಂಧ ಮೊದಲಿಗೆ ಹ್ಯೂಯೆಲ್ ಮತ್ತು ಜಾನ್ ಲಬಕ್ ಕೈಗೆ ಬಂತು. ಹ್ಯೂಯೆಲ್ ಕೃತಿಯ ಹಿರಿಮೆಯನ್ನು ಎತ್ತಿ ಹೇಳಬಯಸಿದರು. ಲಬಕ್ ಗಣಿತದ ಕೊರತೆಗಳನ್ನು ಪಟ್ಟಿಮಾಡಬಯಸಿದರು. ಕೊನೆಗೆ ಹ್ಯೂಯೆಲ್ ಧಾಟಿಯ ವರದಿ 1832ರಲ್ಲಿ ಪ್ರಕಟವಾಯಿತು. ಬಹುಬೇಗ ವರದಿಗಳ ಪ್ರಕಟಣೆ ನಿಂತು, ಪರಿಶೀಲನೆ ಕಡತದೊಳಗೆ ಸೇರಿತು. ಮುಚ್ಚುಮರೆ ಈ ಪದ್ಧತಿಯ ಹುಟ್ಟುಗುಣವಲ್ಲ, ರೂಢಿಯಿಂದ ಬಂದದ್ದು ಎಂಬುದು ಇದರಿಂದ ಸ್ಪಷ್ಟ.

ಆ ರೂಢಿಯ ಬಲವೂ ಕೊರತೆಯೂ 1936ರ ಒಂದೇ ಪ್ರಕರಣದಲ್ಲಿ ಒಟ್ಟಿಗೆ ಕಾಣುತ್ತವೆ. ಗುರುತ್ವ ಅಲೆಗಳು ಇಲ್ಲವೆಂದು ಸಾಧಿಸುವ ಪ್ರಬಂಧವನ್ನು ಐನ್‌ಸ್ಟೈನ್ ಮತ್ತು ನೇಥನ್ ರೋಸನ್ ‘ಫಿಸಿಕಲ್ ರಿವ್ಯೂ’ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ತಜ್ಞರೊಬ್ಬರಿಗೆ ತೋರಿಸಿ, ಅವರ ಆಕ್ಷೇಪಗಳನ್ನು ಲೇಖಕರಿಗೆ ರವಾನಿಸಿದರು. ಅಚ್ಚಿಗೆ ಮುನ್ನ ಬೇರೆಯವರಿಗೆ ತೋರಿಸಲು ತಾವು ಒಪ್ಪಿರಲಿಲ್ಲವೆಂದು ಸಿಟ್ಟಾದ ಐನ್‌ಸ್ಟೈನ್ ಪ್ರಬಂಧವನ್ನು ಹಿಂಪಡೆದರು. ಅದು 1937ರಲ್ಲಿ ಮತ್ತೊಂದು ಪತ್ರಿಕೆಯಲ್ಲಿ ಬಂದಾಗ ನಿರ್ಣಯವೇ ಬದಲಾಗಿತ್ತು. ತಪ್ಪನ್ನು ಬಿಡಿಸಲು ನೆರವಾದ ಸಹೋದ್ಯೋಗಿ ಎಚ್. ಪಿ. ರಾಬರ್ಟ್‌ಸನ್ ಅವರಿಗೆ ಐನ್‌ಸ್ಟೈನ್ ಅದರ ಟಿಪ್ಪಣಿಯಲ್ಲಿ ಕೃತಜ್ಞತೆ ಹೇಳಿದ್ದರು. ಟೇಟ್ ಕೇಳಿದ್ದ ತಜ್ಞರೂ ಇದೇ ರಾಬರ್ಟ್‌ಸನ್ ಎಂಬುದನ್ನು ಇತಿಹಾಸಕಾರ ಡೇನಿಯಲ್ ಕೆನೆಫಿಕ್ 2005ರಲ್ಲಿ ಬಹಿರಂಗಪಡಿಸಿದರು. ಐನ್‌ಸ್ಟೈನರಿಗೆ ಇದು ಗೊತ್ತಿತ್ತೆನ್ನಲು ಆಧಾರವಿಲ್ಲ. ಸ್ನೇಹದ ನೆರವಿಗೆ ಕೂಡಲೇ ಸಂದ ಮನ್ನಣೆ, ಪರಿಶೀಲಕನ ದುಡಿಮೆಗೆ ಸಲ್ಲಲು ಸುಮಾರು ಏಳು ದಶಕ ಹಿಡಿಯಿತು.

ಹೆಸರು ಬಯಲಾಗುವಂತಿದ್ದರೆ, ಮೂವತ್ತಮೂರರ ರಾಬರ್ಟ್‌ಸನ್ ಐನ್‌ಸ್ಟೈನರ ತಪ್ಪನ್ನು ಅಷ್ಟು ನಿರ್ಭಿಡೆಯಿಂದ ತೋರಿಸುತ್ತಿದ್ದರೇ ಎಂಬ ಆಕ್ಷೇಪ ನ್ಯಾಯವಾದದ್ದು. ಕಿರಿಯರು ಹಿರಿಯರ ಕೆಲಸವನ್ನು ತೂಗಿ ನೋಡುವಾಗ ಮರೆ ಬೇಕು. ‘ಬಿಎಂಜೆ’ ವೈದ್ಯಕೀಯ ಪತ್ರಿಕೆ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೇಖಕರಿಗೆ ಹೆಸರು ತಿಳಿಸುವುದರಿಂದ ವರದಿಗಳ ಗುಣಮಟ್ಟ ಗಮನಾರ್ಹವಾಗಿ ಬದಲಾಗಲಿಲ್ಲ. ಆದರೆ ಪರಿಶೀಲನೆಗೆ ಒಲ್ಲೆನೆಂದವರ ಸಂಖ್ಯೆ ಹೆಚ್ಚಿತು. ಅಂದರೆ ಎಲ್ಲರ ಹೆಸರನ್ನೂ ಕಡ್ಡಾಯವಾಗಿ ಬಯಲುಮಾಡುವುದು ಪರಿಹಾರವಲ್ಲ. ವರ್ಷದ ಕೊನೆಯ ಸಂಚಿಕೆಯಲ್ಲಿ ಆ ವರ್ಷದ ಪರಿಶೀಲಕರ ಪಟ್ಟಿಯನ್ನು ಒಟ್ಟಾಗಿ ಅಚ್ಚುಹಾಕುವ ಸಂಪ್ರದಾಯ ಈ ಇಕ್ಕಟ್ಟನ್ನು ಬಿಡಿಸುತ್ತದೆ: ದುಡಿದವರು ಯಾರೆಂದು ತಿಳಿಯುತ್ತದೆ, ಯಾವ ಲೇಖನಕ್ಕೆಂದು ತಿಳಿಯುವುದಿಲ್ಲ. ಪರಿಶೀಲಕರು ಬೆರಳೆಣಿಕೆಯಷ್ಟೇ ಇರುವ ಸಣ್ಣ ಪತ್ರಿಕೆಗಳು ಎರಡು ಮೂರು ವರ್ಷಗಳ ಪಟ್ಟಿಯನ್ನು ಒಟ್ಟುಗೂಡಿಸಿದರೆ ಊಹೆಗೂ ಎಡೆಯಿರದು.

ಪಟ್ಟಿಯೊಂದೇ ಸಾಲದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಪರಿಶೀಲಿತ ಪತ್ರಿಕೆಯ ಪ್ರತಿ ಲೇಖನಕ್ಕೆ ವಿಜ್ಞಾನದಲ್ಲಿ 8, ಭಾಷೆ ಹಾಗೂ ಮಾನವಿಕಗಳಲ್ಲಿ 10 ಸಂಶೋಧನಾ ಅಂಕ ಇಟ್ಟಿತು. ಆ ಲೇಖನವನ್ನು ಪರಿಶೀಲಿಸಿದ ಅಧ್ಯಾಪಕರಿಗೆ ಅದೇ ಕೋಷ್ಟಕದಲ್ಲಿ ಅಂಕವಿಲ್ಲ. ಪರಿಶೀಲನೆಗೂ ಅಂಕ ಕೊಟ್ಟರೆ ಕಾಟಾಚಾರದ ವರದಿಗಳು ಹೆಚ್ಚುತ್ತವೆ ಎಂಬ ಆತಂಕ ಸಹಜ. ಆದರೆ ಅಂಕದ ಆಸೆ ಲೇಖನಗಳ ಗುಣಮಟ್ಟವನ್ನೂ ಕೆಡಿಸಬಲ್ಲದು. ಹಾಗೆಂದು ಲೇಖನಗಳನ್ನು ಲೆಕ್ಕಕ್ಕೆ ಹಿಡಿಯುವುದನ್ನು ಯಾರೂ ಬಿಟ್ಟಿಲ್ಲ. ವರದಿ ಉಪಯುಕ್ತವಾಗಿತ್ತೆಂದು ಸಂಪಾದಕರು ದೃಢೀಕರಿಸಿದರೆ ಮಾತ್ರ ಅದನ್ನು ಪರಿಗಣಿಸುವ ನಿಯಮ ಸಾಧ್ಯ. ಕನ್ನಡದ ಸಂಶೋಧನಾ ಪತ್ರಿಕೆಗಳು ಪರಿಶೀಲಕರ ಪಟ್ಟಿ ಪ್ರಕಟಿಸಲು ಯಾವ ಆದೇಶಕ್ಕೂ ಕಾಯಬೇಕಿಲ್ಲ. ಮುಂದಿನ ವರ್ಷಾಂತ್ಯದ ಸಂಚಿಕೆಯಿಂದಲೇ ಆರಂಭಿಸಲಿ.